ಟಿವಿ ಹೋಯ್ತು ಅನ್ನೋ ಮುಂಚೆ

ಊರಿಂದ ಅಪ್ಪನೋ ಅಮ್ಮನೋ ಫೋನ್ ಮಾಡಿ "ಟಿವಿ ಆನ್ ಆಗ್ತಿಲ್ಲ ಕಣೇ" ಅಂದಾಗ ನಾವು ಮೊದಲು ಕೇಳೋದು ಏನು? "ರಿಮೋಟ್ ಸೆಲ್ ನೋಡಿದ್ರಾ?" ಅಂತ. ಕೇಳಬಾರದು ಅಂತಲ್ಲ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ್ದು ಒಂದಿದೆ. ಟಿವಿ ಕೆಳಗಿನ ಪುಟ್ಟ ಕೆಂಪು ದೀಪ ಉರೀತಿದೆಯಾ, ಆರಿದೆಯಾ, ಇಲ್ಲ ಮಿಣುಕ್ತಾ ಇದೆಯಾ? ಇಷ್ಟು ಗೊತ್ತಾದರೆ ಅರ್ಧ ರೋಗ ಪತ್ತೆಯಾದ ಹಾಗೆ. ಬೆಂಗಳೂರಲ್ಲೋ ಪುಣೆಯಲ್ಲೋ ಕೂತು ಫೋನಿನಲ್ಲೇ ಇಷ್ಟು ತಿಳಿದುಕೊಳ್ಳಬಹುದು.

ಯಾಕಂದ್ರೆ ಈಗಿನ ಎಲ್‌ಇಡಿ ಟಿವಿ "ಸತ್ತಾಗ" ಬಹಳ ಸಲ ಕೆಟ್ಟಿರೋದು ಪರದೆಯಲ್ಲ, ಒಳಗಿನ ಪವರ್ ಸಪ್ಲೈ. ಪರದೆ, ಅಂದರೆ ಪ್ಯಾನೆಲ್, ಟಿವಿಯಲ್ಲೇ ಅತಿ ದುಬಾರಿ ಭಾಗ. ಅದು ಹೋದರೆ ರಿಪೇರಿ ಮಾಡಿಸೋದರಲ್ಲಿ ಅರ್ಥ ಇಲ್ಲ ಅನ್ನೋದು ಹೆಚ್ಚು ಕಮ್ಮಿ ನಿಜ. ಪವರ್ ಸಪ್ಲೈ ಹಾಗಲ್ಲ. ಅದರಲ್ಲಿ ಪದೇ ಪದೇ ಕೆಡುವ ಭಾಗಗಳು ಒಂದು ಪ್ಲೇಟ್ ಇಡ್ಲಿಗಿಂತ ಅಗ್ಗ. ಈ ಎರಡರ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ಒಳ್ಳೇ ಟಿವಿ ಎಕ್ಸ್‌ಚೇಂಜ್ ಆಫರ್‌ಗೆ ಹೋಗಿಬಿಡತ್ತೆ.

ನಮ್ಮ ಮನೇದೂ ಹೋಗೋದರಲ್ಲಿತ್ತು. ತಿಪಟೂರಿನ ನಮ್ಮ ಮನೆಯ 40 ಇಂಚಿನ ಟಿವಿಗೆ ಏಳು ವರ್ಷ. ಮೊದಮೊದಲು ಆನ್ ಮಾಡಿದರೆ ಎರಡು ಮೂರು ಸಲ ಆರಿ ಆಮೇಲೆ ಹತ್ತಿಕೊಳ್ತಿತ್ತಂತೆ. ಆಮೇಲೆ ಸ್ವಿಚ್ ಹಾಕಿ ಅರ್ಧ ಗಂಟೆ ಬಿಟ್ಟರೆ ಮಾತ್ರ ಬರೋದು. ಅಮ್ಮ ಅದಕ್ಕೂ ಹೊಂದಿಕೊಂಡುಬಿಟ್ಟಿದ್ದರು. ಏಳೂವರೆ ಧಾರಾವಾಹಿಗೆ ಏಳಕ್ಕೇ ಸ್ವಿಚ್ ಹಾಕಿ ಅಡುಗೆಮನೆಗೆ ಹೋಗೋರು, "ಬಿಸಿ ಆಗ್ಲಿ" ಅಂತ. ಒಂದು ದಿನ ಅದೂ ನಿಂತುಹೋಯ್ತು. ಸರ್ವೀಸ್ ಹುಡುಗ ಬಂದ, ಹಿಂದಿನ ಮುಚ್ಚಳವನ್ನೂ ಬಿಚ್ಚದೆ ಐದು ನಿಮಿಷ ನೋಡಿ "ಪ್ಯಾನೆಲ್ ಹೋಗಿದೆ ಸಾರ್, ಹೊಸದೇ ತಗೊಳ್ಳಿ" ಅಂದು, ಬಂದಿದ್ದಕ್ಕೆ ಚಾರ್ಜ್ ತಗೊಂಡು ಹೋದ. ಅಪ್ಪ ಆಗಲೇ ಪೇಪರಿನ ಜಾಹೀರಾತು ಕತ್ತರಿಸಿ ಇಟ್ಟುಕೊಂಡಿದ್ದರು. ಪಿಂಚಣಿದಾರರಿಗೆ ಮೂವತ್ತು ಸಾವಿರ ಸಣ್ಣ ಮೊತ್ತ ಅಲ್ಲ. ನಾನು ಶನಿವಾರ ಬರ್ತೀನಿ, ಅಲ್ಲಿ ತನಕ ಏನೂ ಮಾಡಬೇಡಿ ಅಂದೆ.

ಹೇಳಿಬಿಡ್ತೀನಿ, ನಾನು ಓದಿದ್ದು ಎಲೆಕ್ಟ್ರಾನಿಕ್ಸ್, ಹೊಟ್ಟೆಪಾಡಿಗೆ ಮಾಡ್ತಿರೋದು ಸಾಫ್ಟ್‌ವೇರು. ನಮ್ಮ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳಿಂದ ಹೊರಬಿದ್ದವರಲ್ಲಿ ನನ್ನ ಥರದವರು ಎಷ್ಟು ಜನ ಅಂತ ನಿಮಗೇ ಗೊತ್ತು. ಕಾಲೇಜಿನಲ್ಲಿ ಓದಿದ ಪವರ್ ಎಲೆಕ್ಟ್ರಾನಿಕ್ಸ್ ಎಲ್ಲಾ ಮರೆತಿದ್ದರೂ ಒಂದು ಮಲ್ಟಿಮೀಟರ್ ಮಾತ್ರ ಉಳಿಸಿಕೊಂಡಿದ್ದೆ.

ಈಗ ದೀಪದ ವಿಷಯಕ್ಕೆ ಬರ್ತೀನಿ. ಕೆಂಪು ದೀಪ ಪೂರಾ ಆರಿದ್ದರೆ ಟಿವಿಗೆ ಕರೆಂಟೇ ತಲುಪ್ತಿಲ್ಲ, ಇಲ್ಲ ಒಳಗಿನ ಫ್ಯೂಸ್ ಹೋಗಿದೆ, ಇಲ್ಲ ಸ್ಟ್ಯಾಂಡ್‌ಬೈ ವಿಭಾಗ ಕೆಟ್ಟಿದೆ. ದೀಪ ಉರೀತಿದೆ, ಆದರೆ ರಿಮೋಟ್‌ಗಾಗಲೀ ಟಿವಿ ಮೇಲಿನ ಬಟನ್‌ಗಾಗಲೀ ಜಪ್ಪಯ್ಯ ಅನ್ನಲ್ಲ ಅಂದ್ರೆ ಸ್ಟ್ಯಾಂಡ್‌ಬೈ ಸರಿ ಇದೆ, ತೊಂದರೆ ಅದರಿಂದ ಮುಂದೆ ಎಲ್ಲೋ ಇದೆ. ಮಿಣುಕ್ತಿದ್ದರೆ ಒಳಗಿನ ಪ್ರೊಸೆಸರ್ ಎದ್ದು, ಏನೋ ಸರಿಯಿಲ್ಲ ಅಂತ ಕಂಡುಕೊಂಡು, ಮತ್ತೆ ಮಲಗಿದೆ. ಕೆಲವು ಮಾಡೆಲ್‌ಗಳಲ್ಲಿ ಎಷ್ಟು ಸಲ ಮಿಣುಕಿ ನಿಲ್ಲತ್ತೆ ಅನ್ನೋದೇ ಎರರ್ ಕೋಡ್. ಅಮ್ಮನಿಗೆ ಒಂದು ವಿಡಿಯೋ ಮಾಡಿ ಕಳಿಸೋಕೆ ಹೇಳಿ, ನೀವೇ ಎಣಿಸಿಕೊಳ್ಳಿ. "ಟಿಕ್, ಟಿಕ್" ಅಂತ ಸೆಕೆಂಡಿಗೊಮ್ಮೆ ಸದ್ದು ಬರ್ತಿದೆಯಾ ಅಂತಾನೂ ಕೇಳಿ. ಬರ್ತಿದ್ದರೆ ಪವರ್ ಸಪ್ಲೈ ಏಳೋಕೆ ನೋಡಿ, ಎಲ್ಲೋ ಶಾರ್ಟ್ ಇದೆ ಅಂತ ತಾನೇ ಹಿಂದೆ ಸರೀತಿರಬಹುದು.

ಇನ್ನೊಂದು ಥರ ಇದೆ. ಧ್ವನಿ ಬರ್ತಿದೆ, ಪರದೆ ಮಾತ್ರ ಕಪ್ಪು. ಇದನ್ನೇ ಬಹಳ ಜನ "ಪ್ಯಾನೆಲ್ ಹೋಯ್ತು" ಅನ್ನೋದು. ರಾತ್ರಿ ರೂಮಿನ ಲೈಟ್ ಆರಿಸಿ, ಮೊಬೈಲ್ ಟಾರ್ಚ್ ಅನ್ನು ಪರದೆಗೆ ಹತ್ತಿರ, ಓರೆಯಾಗಿ ಹಿಡೀರಿ. ಮಸುಕಾಗಿ ಚಿತ್ರ ಓಡಾಡೋದು ಕಂಡರೆ ಪ್ಯಾನೆಲ್ ಜೀವಂತ ಇದೆ. ಹೋಗಿರೋದು ಅದರ ಹಿಂದಿನ ಬೆಳಕು. ಎಲ್‌ಇಡಿ ಪಟ್ಟಿಯಲ್ಲಿ ದೀಪಗಳು ಹಳೇ ಸೀರಿಯಲ್ ಸೆಟ್‌ನ ಹಾಗೆ ಒಂದರ ಬಾಲ ಒಂದು ಹಿಡಿದಿರತ್ತವೆ. ಒಂದು ಹೋದರೆ ಸಾಲೇ ಕತ್ತಲು. ಅದಕ್ಕೆ ಪಟ್ಟಿ ಬದಲಾಯಿಸ್ತಾರೆ, ಇಲ್ಲ ಅದಕ್ಕೆ ಕರೆಂಟ್ ಕೊಡೋ ಭಾಗ ಸರಿ ಮಾಡ್ತಾರೆ. ಎರಡೂ ರಿಪೇರಿಯೇ.

ಕೆಂಪು ದೀಪವೇ ಬರದ ಟಿವಿ ನೋಡಿ ಪ್ಯಾನೆಲ್ ಹೋಗಿದೆ ಅನ್ನೋದು ಮಾತ್ರ ಮನೆ ಬಾಗಿಲು ತಟ್ಟದೆ ಒಳಗೆ ಯಾರೂ ಇಲ್ಲ ಅಂದ ಹಾಗೆ. ಪ್ಯಾನೆಲ್ ಶಾರ್ಟ್ ಆಗಿ ಪವರ್ ಸಪ್ಲೈಯನ್ನೇ ಎಳೆದು ಬೀಳಿಸೋದು ಉಂಟು, ಇಲ್ಲ ಅನ್ನಲ್ಲ. ಆದರೆ ಅದನ್ನು ಮುಚ್ಚಳ ಬಿಚ್ಚಿ, ಪ್ಯಾನೆಲ್ ಕೇಬಲ್ ಕಳಚಿ, ಮೀಟರ್ ಹಿಡಿದು ನೋಡಿದವರು ಹೇಳಬೇಕು.

ಬಿಚ್ಚೋ ಮುಂಚೆ ಮಾಡಬೇಕಾದ್ದು ಇನ್ನೂ ಸ್ವಲ್ಪ ಇದೆ. ಗೋಡೆ ಪ್ಲಗ್‌ನಲ್ಲಿ ಕರೆಂಟ್ ಇದೆಯಾ ಅಂತ ಎಲ್ಲರೂ ಮೊಬೈಲ್ ಚಾರ್ಜರ್ ಹಾಕಿ ನೋಡ್ತಾರೆ. ಚಾರ್ಜರ್ ಸಾಕ್ಷಿ ಅಷ್ಟು ನಂಬೋ ಹಾಗಿಲ್ಲ. ಅದು 100 ವೋಲ್ಟ್‌ನಿಂದ 240 ವೋಲ್ಟ್ ತನಕ ಏನು ಕೊಟ್ಟರೂ ಸಂತೋಷವಾಗಿ ಕೆಲಸ ಮಾಡತ್ತೆ, ಎಳೆಯೋ ಕರೆಂಟೂ ಕಮ್ಮಿ. ಸಡಿಲವಾದ ಸಾಕೆಟ್ ಚಾರ್ಜರ್‌ಗೆ ಸಾಕಾಗತ್ತೆ, ಟಿವಿಗೆ ಸಾಕಾಗಲ್ಲ. ಇಸ್ತ್ರಿ ಪೆಟ್ಟಿಗೆ ಅಥವಾ ಮಿಕ್ಸಿ ಹಾಕಿ ನೋಡೋದು ವಾಸಿ. ಆಮೇಲೆ ಟಿವಿಗೆ ಚುಚ್ಚಿರೋದನ್ನೆಲ್ಲ ತೆಗೆಸಿ. ಸೆಟ್ ಟಾಪ್ ಬಾಕ್ಸ್, ಪೆನ್ ಡ್ರೈವ್, ಹಾಡು ಕೇಳೋಕೆ ಹಾಕಿದ ಸ್ಪೀಕರ್, ಎಲ್ಲವನ್ನೂ. ಕೆಟ್ಟ ಪೆನ್ ಡ್ರೈವ್ ಒಂದು ಒಳಗಿನ 5 ವೋಲ್ಟ್ ಲೈನ್ ಅನ್ನು ಶಾರ್ಟ್ ಮಾಡಿ ಇಡೀ ಟಿವಿಯನ್ನು ಮಲಗಿಸಬಲ್ಲದು. ಪ್ಲಗ್ ತೆಗೆದು ಹತ್ತು ನಿಮಿಷ ಬಿಟ್ಟು, ಬರೀ ಪವರ್ ಕೇಬಲ್ ಮಾತ್ರ ಹಾಕಿ ನೋಡಿ.

ಹಳೇ ಡಬ್ಬಾ ಟಿವಿಗೆ ಪಕ್ಕದಲ್ಲಿ ಒಂದು ಏಟು ಕೊಟ್ಟರೆ ಬರ್ತಿತ್ತಲ್ಲ, ಅದು ಮೂಢನಂಬಿಕೆ ಆಗಿರಲಿಲ್ಲ. ಬೆಸುಗೆ ಬಿರುಕು ಬಿಟ್ಟಿದ್ದ ಕಡೆ ಅಲುಗಾಡಿ ಮತ್ತೆ ಕೂಡಿಕೊಳ್ತಿತ್ತು. ಎಲ್‌ಇಡಿ ಟಿವಿಗೆ ದಯವಿಟ್ಟು ಹೊಡೀಬೇಡಿ. ಆಗ ನಿಜವಾಗಲೂ ಪ್ಯಾನೆಲ್ ಹೋಗತ್ತೆ.

ಶನಿವಾರ ಬೆಳಿಗ್ಗೆ ಮಂಚದ ಮೇಲೆ ಹಾಸಿಗೆ ಹಾಕಿ ಟಿವಿಯನ್ನು ಮುಖ ಕೆಳಗೆ ಮಾಡಿ ಮಲಗಿಸಿದೆವು. ಪರದೆಗೆ ಒತ್ತು ಬೀಳಬಾರದು, ಅದಕ್ಕೇ ಹಾಸಿಗೆ. ಮುಚ್ಚಳ ತೆಗೆದರೆ ನಮ್ಮ ಟಿವಿಯಲ್ಲಿ ಎರಡು ಬೋರ್ಡ್: ಚಿಪ್‌ಗಳೂ ಕನೆಕ್ಟರ್‌ಗಳೂ ತುಂಬಿದ ಮೇನ್ ಬೋರ್ಡ್ ಒಂದು, ಕರೆಂಟ್ ವೈರ್ ಬಂದು ಸೇರುವ ಪವರ್ ಬೋರ್ಡ್ ಒಂದು. ಕಮ್ಮಿ ಬೆಲೆಯ ಹೊಸ ಟಿವಿಗಳಲ್ಲಿ ಇವೆಲ್ಲ ಸೇರಿ ಒಂದೇ ಬೋರ್ಡ್ ಆಗಿರತ್ತೆ.

ಈ ಪವರ್ ಬೋರ್ಡ್ ಮಾಡೋ ಕೆಲಸ ಸ್ವಲ್ಪ ತಿಳಿದರೆ ಅಪಾಯ ಎಲ್ಲಿದೆ ಅನ್ನೋದೂ ತಿಳಿಯತ್ತೆ. ಗೋಡೆಯಿಂದ ಬರೋದು 230 ವೋಲ್ಟ್ ಎಸಿ, ಸೆಕೆಂಡಿಗೆ 50 ಆವರ್ತನ. ಅದನ್ನು ಹಾಗೇ ಇಳಿಸಬೇಕಾದರೆ ಹಳೇ ಸ್ಟೆಬಿಲೈಜರ್‌ನಲ್ಲಿರುವಂಥ ಕಬ್ಬಿಣದ ಭಾರಿ ಟ್ರಾನ್ಸ್‌ಫಾರ್ಮರ್ ಬೇಕು. ಅದರ ಬದಲು ಇಲ್ಲಿ ಮೊದಲು ಎಸಿಯನ್ನು ಡಿಸಿ ಮಾಡ್ತಾರೆ. 230 ಅನ್ನೋದು ಒಂದು ಬಗೆಯ ಸರಾಸರಿ, ಅಲೆಯ ತುದಿ 325 ವೋಲ್ಟ್ ಇರತ್ತೆ. ಹಾಗಾಗಿ ಡಿಸಿ ಮಾಡಿದಾಗ ಸಿಗೋದು ಸುಮಾರು 325 ವೋಲ್ಟ್. ದೊಡ್ಡ ಟಿವಿಗಳಲ್ಲಿ ಪವರ್ ಫ್ಯಾಕ್ಟರ್ ಸರಿಪಡಿಸೋ ಭಾಗ ಇದ್ದರೆ ಅದು 380-400ಕ್ಕೆ ಏರತ್ತೆ. ಇದೆಲ್ಲ ಹೋಗಿ ಕೂರೋದು ಬೋರ್ಡಿನ ಮೇಲೆ ಹೆಬ್ಬೆರಳಿಗಿಂತ ದಪ್ಪಗೆ ಕಾಣುವ ಒಂದು ಕೆಪಾಸಿಟರ್‌ನಲ್ಲಿ. ಅಲ್ಲಿಂದ ಮುಂದೆ ಒಂದು ಟ್ರಾನ್ಸಿಸ್ಟರ್ ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ ಕತ್ತರಿಸಿ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್‌ಗೆ ಕೊಡತ್ತೆ. ಅಷ್ಟು ವೇಗದಲ್ಲಿ ಕೆಲಸ ಮಾಡೋದಕ್ಕೇ ಅದು ಅಷ್ಟು ಪುಟ್ಟದಿರೋಕೆ ಸಾಧ್ಯ. ಆಚೆ ಕಡೆ ಮತ್ತೆ ಡಿಸಿ ಮಾಡಿದರೆ 5 ವೋಲ್ಟ್, 12 ವೋಲ್ಟ್, ಹಿಂಬದಿ ಬೆಳಕಿಗೆ ಇನ್ನೊಂದಿಷ್ಟು.

ಬೋರ್ಡನ್ನು ಸೂಕ್ಷ್ಮವಾಗಿ ನೋಡಿದರೆ ಮಧ್ಯೆ ಒಂದು ಬಿಳಿ ಗೆರೆ ಕಾಣತ್ತೆ. ಕೆಲವದರಲ್ಲಿ ಒಂದು ಕಡೆ "ಹಾಟ್", ಇನ್ನೊಂದು ಕಡೆ "ಕೋಲ್ಡ್" ಅಂತ ಅಚ್ಚು ಹಾಕಿರ್ತಾರೆ. ಹಾಟ್ ಬದಿ ನೇರವಾಗಿ ಗೋಡೆಯ ಕರೆಂಟಿನ ನಂಟು ಇರೋದು. ಕೋಲ್ಡ್ ಬದಿ ಬೇರೆ ಸಂಸಾರ. ಟ್ರಾನ್ಸ್‌ಫಾರ್ಮರ್‌ನಲ್ಲಿ ಎರಡರ ನಡುವೆ ದಾಟೋದು ಬರೀ ಅಯಸ್ಕಾಂತದ ಪ್ರಭಾವ. "ಇಲ್ಲಿ 12 ಬಂತು, ಸಾಕು" ಅಂತ ಆಚೆ ಕಡೆಯಿಂದ ಈಚೆಗೆ ಸುದ್ದಿ ಮುಟ್ಟಿಸೋದು ಬೆಳಕು. ಆಪ್ಟೋಕಪ್ಲರ್ ಅನ್ನೋ ನಾಲ್ಕು ಕಾಲಿನ ಪುಟ್ಟ ಚಿಪ್ ಒಳಗೆ ಒಂದು ಎಲ್‌ಇಡಿ ಮಿನುಗತ್ತೆ, ಎದುರಿಗಿರೋದು ಅದನ್ನು ನೋಡತ್ತೆ. ತಂತಿ ಮಾತ್ರ ದಾಟಲ್ಲ. ನೀವು ಎಚ್‌ಡಿಎಂಐ ಕೇಬಲ್ ಮುಟ್ಟಿದಾಗ ಗೋಡೆಯ ಕರೆಂಟು ನಿಮ್ಮ ಕೈಗೆ ಬರದೆ ಇರೋದು ಈ ಗೆರೆಯ ದಯೆ. ನನಗೆ ಈ ಬೋರ್ಡಿನಲ್ಲಿ ಅತಿ ಇಷ್ಟವಾದ್ದು ಇದೇ.

ಈಗ ಸ್ವಲ್ಪ ಭಯ ಪಡಿಸ್ತೀನಿ. ಪ್ಲಗ್ ಕಿತ್ತ ಮೇಲೂ ಆ ದಪ್ಪ ಕೆಪಾಸಿಟರ್‌ನಲ್ಲಿ 325 ವೋಲ್ಟ್ ಕೂತಿರಬಹುದು. ಸರಿಯಾಗಿ ಕೆಲಸ ಮಾಡ್ತಿರೋ ಬೋರ್ಡ್ ಆದರೆ ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಓಡಿ ಅದನ್ನು ತಾನೇ ಖಾಲಿ ಮಾಡಿಕೊಳ್ಳತ್ತೆ. ಆದರೆ ಕತ್ತರಿಸೋ ಐಸಿ ಸತ್ತು, ಫ್ಯೂಸ್ ಉಳಿದಿದ್ದರೆ, ಅದನ್ನು ಬಳಸೋರು ಯಾರೂ ಇಲ್ಲದೆ ಆ ಚಾರ್ಜ್ ಹಾಗೇ ಉಳಿಯತ್ತೆ. ಅಂದರೆ ಜೀವ ಇರೋ ಬೋರ್ಡಿಗಿಂತ ಸತ್ತ ಬೋರ್ಡ್ ಹೆಚ್ಚು ಅಪಾಯಕಾರಿ. "ಟಿವಿ ಕೆಟ್ಟಿದೆ, ಪ್ಲಗ್ ತೆಗೆದಿದೀನಿ, ಇನ್ನೇನು ಶಾಕ್" ಅಂತ ಕೈ ಹಾಕೋರಿಗೆ ಹೊಡೆಯೋದು ಇದೇ. ಮನೆಯ ಎಂಸಿಬಿಯಾಗಲೀ ಆರ್‌ಸಿಸಿಬಿಯಾಗಲೀ ಇಲ್ಲಿ ಕಾಪಾಡಲ್ಲ, ಪ್ಲಗ್ಗೇ ತೆಗೆದಿರುವಾಗ ಅವಕ್ಕೆ ಗೊತ್ತಾಗೋದಾದರೂ ಹೇಗೆ?

ಸ್ಕ್ರೂಡ್ರೈವರ್ ಅಡ್ಡ ಇಟ್ಟು "ಫಟ್" ಅನ್ನಿಸಿ ಖಾಲಿ ಮಾಡೋದನ್ನು ಯೂಟ್ಯೂಬಿನಲ್ಲಿ ನೋಡಿರ್ತೀರಿ. ಬೇಡ. ಕಿಡಿ ಹಾರತ್ತೆ, ಬೋರ್ಡಿನ ತಾಮ್ರ ಕಿತ್ತು ಬರತ್ತೆ, ಕಣ್ಣಿಗೂ ಒಳ್ಳೇದಲ್ಲ. ಹಳೇ ಕಾಲದ 60 ವ್ಯಾಟ್ ತಂತಿ ಬಲ್ಬ್ ಹೋಲ್ಡರ್‌ಗೆ ಎರಡು ವೈರ್ ಹಾಕಿ, ಇನ್ಸುಲೇಶನ್ ಇರೋ ಪ್ರೋಬ್ ಕಟ್ಟಿ, ಕೆಪಾಸಿಟರ್‌ನ ಎರಡು ಕಾಲಿಗೆ ಮುಟ್ಟಿಸ್ತಾರೆ. ಬಲ್ಬ್ ಒಮ್ಮೆ ಮಿಂಚಿದರೆ ಅಷ್ಟು ಚಾರ್ಜ್ ಇತ್ತು ಅಂತ. ಆಮೇಲೆ ಮೀಟರ್ ಇಟ್ಟು ಡಿಸಿ ವೋಲ್ಟೇಜ್ ಸೊನ್ನೆಯ ಹತ್ತಿರ ಬಂದಿದೆ ಅಂತ ಖಾತ್ರಿ ಮಾಡಿಕೊಂಡ ಮೇಲೆಯೇ ಕೈ ಹಾಕೋದು. ಲೋಹದ ಬಳೆ, ಉಂಗುರ, ವಾಚು ಮೊದಲೇ ತೆಗೆದಿಡಬೇಕು. ಮನೇಲಿ ಒಬ್ಬರೇ ಇರುವಾಗ ಈ ಕೆಲಸ ಬೇಡವೇ ಬೇಡ. ಇದನ್ನು ಓದಿ "ನನಗೆ ಧೈರ್ಯ ಸಾಲದು" ಅನ್ನಿಸಿದರೆ ಅದು ಒಳ್ಳೇ ಲಕ್ಷಣ, ಮುಚ್ಚಳ ಮುಚ್ಚಿ ಮೆಕ್ಯಾನಿಕ್ ಹತ್ತಿರ ತಗೊಂಡು ಹೋಗಿ. ಇಲ್ಲಿ ತನಕ ಹೇಳಿದ್ದರಲ್ಲಿ ಮುಚ್ಚಳ ಬಿಚ್ಚದೇ ಮಾಡಬಹುದಾದ್ದೇ ಅರ್ಧಕ್ಕಿಂತ ಹೆಚ್ಚು ಉಪಯೋಗದ್ದು.

ನಮ್ಮ ಟಿವಿಯಲ್ಲಿ ಹಾಟ್ ಬದಿಗೆ ಹೋಗೋ ಅಗತ್ಯವೇ ಬೀಳಲಿಲ್ಲ. ಕೆಂಪು ದೀಪ ಮಿಣುಕ್ತಿತ್ತು, ಅಂದರೆ ಸ್ಟ್ಯಾಂಡ್‌ಬೈ ಬರ್ತಿದೆ, ಅಂದರೆ ಫ್ಯೂಸ್ ಇದೆ, ದೊಡ್ಡ ಕೆಪಾಸಿಟರ್ ತನಕ ಎಲ್ಲಾ ಸರಿ ಇದೆ. ಒಂದು ಪುಟ್ಟ ದೀಪ ಅರ್ಧ ಬೋರ್ಡನ್ನು ಪಾಸ್ ಮಾಡಿಬಿಟ್ಟಿತ್ತು. ಮೇನ್ ಬೋರ್ಡಿಗೆ ಹೋಗುವ ಕೇಬಲ್ ಪಕ್ಕದಲ್ಲಿ ಪ್ರತಿ ಪಿನ್ನಿನ ಹೆಸರು ಅಚ್ಚಾಗಿರತ್ತೆ, ಯಾವುದು 12 ವೋಲ್ಟ್, ಯಾವುದು ಗ್ರೌಂಡ್ ಅಂತ. ಪ್ಲಗ್ ತೆಗೆದಿರುವಾಗಲೇ ಮೀಟರಿನ ಎರಡೂ ತುದಿಗಳನ್ನು ಕ್ಲಿಪ್‌ನಿಂದ ಅಲ್ಲಿಗೆ ಕಚ್ಚಿಸಿ, ಆಮೇಲೆ ಅಪ್ಪನಿಗೆ ಸ್ವಿಚ್ ಹಾಕೋಕೆ ಹೇಳಿ, ನಾನು ಎರಡಡಿ ದೂರ ನಿಂತು ಮೀಟರ್ ನೋಡಿದೆ. ಲೈವ್ ಬೋರ್ಡಿನ ಮೇಲೆ ಕೈ ಓಡಾಡಿಸದೆ ಅಳೆಯೋಕೆ ಇದು ಒಳ್ಳೇ ಕ್ರಮ. 12 ಇರಬೇಕಾದ ಕಡೆ 9ಕ್ಕೆ ಏರಿತು, 6ಕ್ಕೆ ಬಿತ್ತು, ಮತ್ತೆ ಏರಿತು. ಪ್ಲಗ್ ತೆಗೆದು, ಹಿಂಬದಿ ಬೆಳಕಿನ ಕನೆಕ್ಟರ್ ಕಳಚಿ, ಮತ್ತೆ ನೋಡಿದೆ. ಅದೇ ಕುಣಿತ. ಹಾಗಾದರೆ ಬೆಳಕಿನ ಪಟ್ಟಿಯದಲ್ಲ ತಪ್ಪು. ನಮ್ಮ ಆಫೀಸಿನಲ್ಲಿ ಯಾವ ಬದಲಾವಣೆಯಿಂದ ಬಗ್ ಬಂತು ಅಂತ ಹುಡುಕೋಕೆ ಅರ್ಧರ್ಧ ಮಾಡ್ತಾ ಹೋಗ್ತೀವಲ್ಲ, ಇದೂ ಅದೇ. ವ್ಯತ್ಯಾಸ ಅಂದ್ರೆ ಇಲ್ಲಿ ಲಾಗ್ ಫೈಲ್ ಬದಲು ಮೂಗು, ಕಣ್ಣು.

ಕಣ್ಣಿಗೇ ಕಂಡಿತು. 12 ವೋಲ್ಟ್ ಲೈನಿನಲ್ಲಿ ಅಕ್ಕಪಕ್ಕ ನಿಂತಿದ್ದ ಎರಡು ಪುಟ್ಟ ಕೆಪಾಸಿಟರ್‌ಗಳ ತಲೆ ಉಬ್ಬಿತ್ತು. ಒಳ್ಳೇ ಕೆಪಾಸಿಟರ್‌ನ ತಲೆ ಕೇರಂ ಬೋರ್ಡಿನ ಹಾಗೆ ಸಮ ಇರತ್ತೆ, ಅದರ ಮೇಲೆ ಕೂಡಿಸುವ ಗುರುತಿನ ಥರ ಗೀರು. ಒಳಗಿನ ದ್ರವ ಬಿಸಿಯಾಗಿ ಅನಿಲ ಆದಾಗ ಸಿಡಿಯದೆ ಅಲ್ಲಿ ಬಿರಿಯಲಿ ಅಂತಾನೇ ಆ ಗೀರು. ಒಂದರ ಬುಡದಲ್ಲಿ ಕಂದು ಕಲೆಯೂ ಇತ್ತು.

ಅಮ್ಮನ "ಬಿಸಿ ಆಗ್ಲಿ" ಸಿದ್ಧಾಂತ ಕೂಡ ಇಲ್ಲಿ ಸರಿಹೋಯ್ತು. ಕೆಪಾಸಿಟರ್‌ನ ದ್ರವ ಒಣಗ್ತಾ ಹೋದ ಹಾಗೆ ಅದರ ಒಳಗಿನ ತಡೆ, ಅಂದರೆ ಇಎಸ್‌ಆರ್, ಏರತ್ತೆ. ತಣ್ಣಗಿರುವಾಗ ಇನ್ನೂ ಹೆಚ್ಚು, ಬೆಚ್ಚಗಾದಾಗ ಕಮ್ಮಿ. ಅರ್ಧ ಗಂಟೆ ಸ್ಟ್ಯಾಂಡ್‌ಬೈನಲ್ಲಿ ಬೋರ್ಡು ಬೆಚ್ಚಗಾಗಿ ಹೇಗೋ ಎದ್ದು ನಿಲ್ತಿತ್ತು. ಸರ್ವೀಸ್ ಹುಡುಗ ಕೇಳಿದ್ದರೆ ಅಮ್ಮನೇ ರೋಗ ಹೇಳಿರೋರು.

ಇದು ಏಳು ವರ್ಷಕ್ಕೇ ಯಾಕೆ ಹೋಯ್ತು? ಇಂಥ ಕೆಪಾಸಿಟರ್‌ನ ಮೈಮೇಲೆ 105 ಡಿಗ್ರಿ ಅಂತ ಬರೆದಿರತ್ತೆ. ಸಾಧಾರಣ ತರಗತಿಯದಾದರೆ ಆ ಶಾಖದಲ್ಲಿ 2,000 ಗಂಟೆ ಬಾಳಿಕೆ ಅಂತ ತಯಾರಕರು ಕೊಡೋ ಲೆಕ್ಕ. ಪ್ರತಿ 10 ಡಿಗ್ರಿ ಕಮ್ಮಿಯಾದಾಗ ಬಾಳಿಕೆ ಎರಡರಷ್ಟಾಗತ್ತೆ ಅನ್ನೋದು ಈ ಕಸುಬಿನ ಅಂದಾಜು ಸೂತ್ರ. ಬೋರ್ಡ್ 55 ಡಿಗ್ರಿಯಲ್ಲಿದ್ದರೆ 50 ಡಿಗ್ರಿ ಕಮ್ಮಿ, ಐದು ಸಲ ಎರಡರಷ್ಟು, 64,000 ಗಂಟೆ. ದಿನಕ್ಕೆ 24 ಗಂಟೆಯ ಲೆಕ್ಕದಲ್ಲಿ ಏಳು ವರ್ಷ ಚಿಲ್ಲರೆ. 65 ಡಿಗ್ರಿ ಆದರೆ ಅದರ ಅರ್ಧ. 24 ಗಂಟೆ ಯಾರು ಟಿವಿ ನೋಡ್ತಾರೆ ಅಂತೀರಾ? ರಿಮೋಟಿನಲ್ಲಿ ಆಫ್ ಮಾಡಿ ಬಿಟ್ಟರೆ ಸ್ಟ್ಯಾಂಡ್‌ಬೈ ವಿಭಾಗ ಹಗಲೂ ರಾತ್ರಿ ದುಡೀತಾನೇ ಇರತ್ತೆ. ಅದಕ್ಕೇ ಗೋಡೆ ಸ್ವಿಚ್ ಆರಿಸೋ ಹಳೇ ಅಭ್ಯಾಸ ಒಳ್ಳೇದು. ಟಿವಿ ಹಿಂದೆ ಗಾಳಿಗೆ ನಾಲ್ಕು ಬೆರಳು ಜಾಗವನ್ನೂ ಬಿಡದೆ ಮರದ ಪೆಟ್ಟಿಗೆಯೊಳಗೆ ಕೂಡಿಸೋ ಈಗಿನ ಇಂಟೀರಿಯರ್ ಫ್ಯಾಶನ್ ನನಗೆ ಅಷ್ಟಾಗಿ ಹಿಡಿಸಲ್ಲ. ಹಳೇ ಮನೆಗಳ ಕ್ರೋಶಾ ಬಟ್ಟೆಯೂ ಅಷ್ಟೇ, ಟಿವಿ ಓಡುವಾಗ ಅದು ಹೊದಿಕೆ ಹೊದ್ದು ಬಿಸಿಲಲ್ಲಿ ನಿಂತ ಹಾಗೆ.

ಬೆಸುಗೆ ಹಾಕೋಕೆ ನಾನು ನಮ್ಮ ಬೀದಿಯ ರೇಡಿಯೋ ಅಂಗಡಿಗೆ ಹೋದೆ. ಆ ಅಂಗಡಿಯವರನ್ನು ಎಲ್ಲರೂ ಮೇಷ್ಟ್ರು ಅಂತಾರೆ, ಯಾವ ಶಾಲೇಲೂ ಪಾಠ ಹೇಳಿದವರಲ್ಲ. ಬೋರ್ಡನ್ನು ನೋಡಿ "ಇದನ್ನ ನೀನೇ ಬಿಚ್ಚಿದ್ಯೇನಮ್ಮ?" ಅಂದರು. ಹೌದು ಅಂದೆ. "ಮತ್ತೆ ಇಷ್ಟು ದಿನ ಎಲ್ಲಿಗೆ ಹೋಗಿದ್ದೆ!" 1000 ಮೈಕ್ರೋಫ್ಯಾರಡ್, 16 ವೋಲ್ಟ್ ಇದ್ದ ಜಾಗಕ್ಕೆ ಅಷ್ಟೇ ಮೈಕ್ರೋಫ್ಯಾರಡ್, 25 ವೋಲ್ಟಿನವು ಹಾಕಿದರು. ವೋಲ್ಟ್ ಹೆಚ್ಚಿದ್ದರೆ ನಡೆಯತ್ತೆ, ಕಮ್ಮಿ ಇರಬಾರದು. 105 ಡಿಗ್ರಿಯದ್ದೇ ಬೇಕು, ಲೋ ಇಎಸ್‌ಆರ್ ಅಂತ ಕೇಳಿ ತಗೋಬೇಕು. ಮೈಮೇಲೆ ಪಟ್ಟಿ ಇರುವ ಕಡೆಯ ಕಾಲು ಮೈನಸ್. ಉಲ್ಟಾ ಹಾಕಿದರೆ ಸಿಡಿಯತ್ತೆ. ಬೆಂಗಳೂರಲ್ಲಿರೋರಿಗೆ ಎಸ್‌.ಪಿ. ರೋಡ್ ಇದ್ದೇ ಇದೆ. ಇಡೀ ಬೋರ್ಡೇ ಬೇಕಾದರೂ ಅಲ್ಲಿ, ಪರದೆ ಒಡೆದ ಟಿವಿಗಳಿಂದ ಬಿಚ್ಚಿದ್ದು ಸಿಗತ್ತೆ. ಟಿವಿಯ ಮಾಡೆಲ್ ಜೊತೆಗೆ ಬೋರ್ಡಿನ ಮೇಲೆ ಅಚ್ಚಾದ ನಂಬರನ್ನೂ ಫೋಟೋ ತೆಗೆದುಕೊಂಡು ಹೋಗಿ, ಒಂದೇ ಮಾಡೆಲ್‌ನಲ್ಲಿ ಎರಡು ಥರದ ಬೋರ್ಡ್ ಇರೋದುಂಟು.

ಸಾಮಾನಿಗೆ 30 ರೂಪಾಯಿ, ಕೆಲಸಕ್ಕೆ 200 ಕೇಳಿದರು. ನಾನು 300 ಕೊಟ್ಟೆ. ಆ ಸರ್ವೀಸ್ ಹುಡುಗನ ಮೇಲೂ ಈಗ ನನಗೆ ಅಷ್ಟು ಕೋಪ ಇಲ್ಲ. ದಿನಕ್ಕೆ ಇಷ್ಟು ಮನೆ ಮುಗಿಸಬೇಕು ಅನ್ನೋ ಒತ್ತಡ ಇರೋನು ಉಬ್ಬಿದ ತಲೆ ಹುಡುಕ್ತಾ ಕೂರೋಕೆ ಆಗಲ್ಲ. ಆದರೆ "ಎಲ್ಲಿ ಅಳೆದಿರಿ, ಎಷ್ಟು ವೋಲ್ಟ್ ಬಂತು?" ಅಂತ ಕೇಳೋ ಹಕ್ಕು ನಮಗಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ "ರೈಟ್ ಟು ರಿಪೇರ್" ಪೋರ್ಟಲ್ ಶುರು ಮಾಡಿದೆ. ಬಿಡಿಭಾಗ, ಮ್ಯಾನುಯಲ್, ಸರ್ವೀಸ್ ಮಾಹಿತಿಯನ್ನು ಕಂಪನಿಗಳು ಒಂದೇ ಕಡೆ ಕೊಡಲಿ ಅನ್ನೋದು ಅದರ ಉದ್ದೇಶ. ಹೊಸ ಟಿವಿಗೆ ಕೈ ಹಾಕೋ ಮೊದಲು ಒಮ್ಮೆ ಇಣುಕಿ ನೋಡಿ.

ಮೇಷ್ಟ್ರ ಮೇಜಿನ ಮೇಲೆ ಅವತ್ತು ಇನ್ನೊಂದು ಟಿವಿ ಇತ್ತು, ಹಿಂದಿನ ಬೀದಿಯದು. ಅದರ ಕೆಂಪು ದೀಪ ಪೂರಾ ಆರಿತ್ತು. ಅದರ ಮಾಲೀಕರು ಫ್ಯೂಸ್ ಹೋಗಿದೆ ಅಂತ ಕಂಡುಕೊಂಡು ತಾವೇ ತಂತಿ ಸುತ್ತೋದರಲ್ಲಿದ್ದರಂತೆ. "ಫ್ಯೂಸ್ ಸುಮ್ಮನೆ ಹೋಗಲ್ಲಮ್ಮ, ಯಾರೋ ಕಳಿಸಿರ್ತಾರೆ" ಅಂದರು ಮೇಷ್ಟ್ರು. ಫ್ಯೂಸ್ ಪಕ್ಕದಲ್ಲಿದ್ದ ನೀಲಿ ಬಿಲ್ಲೆಯಂಥದ್ದು ಸುಟ್ಟು ಎರಡು ಹೋಳಾಗಿತ್ತು. ಅದು ವ್ಯಾರಿಸ್ಟರ್. ಮಿತಿ ಮೀರಿ ವೋಲ್ಟೇಜ್ ಬಂದಾಗ ತಾನು ಶಾರ್ಟ್ ಆಗಿ, ಫ್ಯೂಸ್ ಸುಡಿಸಿ, ಮುಂದಿನದನ್ನು ಉಳಿಸೋದು ಅದರ ಕೆಲಸ. ತಾನು ಸತ್ತು ಟಿವಿ ಉಳಿಸಿತ್ತು. ಮೇಷ್ಟ್ರು ಹೊಸ ಬಿಲ್ಲೆ, ಅದೇ ಅಳತೆಯ ಫ್ಯೂಸ್ ಹಾಕಿದರು. ಆ ಬಿಲ್ಲೆ ಕತ್ತರಿಸಿ ಬಿಸಾಕಿ ಬರೀ ಫ್ಯೂಸ್ ಹಾಕಿದರೂ ಟಿವಿ ಓಡತ್ತೆ, ಎಷ್ಟೋ ಕಡೆ ಹಾಗೇ ಮಾಡ್ತಾರೆ. ಆದರೆ ಮುಂದಿನ ಸಲ ಹೋಗೋದು ಇಡೀ ಬೋರ್ಡು. ಆಮೇಲೆ ನೇರ ಪ್ಲಗ್‌ಗೆ ಹಾಕಲಿಲ್ಲ, ತಂತಿ ಬಲ್ಬೊಂದರ ಮೂಲಕ ಸೀರೀಸ್‌ನಲ್ಲಿ ಕೊಟ್ಟರು. ಬಲ್ಬ್ ಒಮ್ಮೆ ಹೊಳೆದು ಮಂಕಾದರೆ ಬೋರ್ಡ್ ಸರಿ. ಪೂರಾ ಪ್ರಕಾಶವಾಗಿ ಉರೀತಾ ನಿಂತರೆ ಒಳಗೆ ಇನ್ನೂ ಶಾರ್ಟ್ ಇದೆ, ಆದರೆ ಬಲ್ಬೇ ತಡೆದಿರೋದರಿಂದ ಏನೂ ಸಿಡಿಯಲ್ಲ. ಎಲ್‌ಇಡಿ ಬಲ್ಬ್ ಇದಕ್ಕೆ ಆಗಲ್ಲ. ಬಲ್ಬ್ ಹೊಳೆದು ಮಂಕಾಯ್ತು. ಮೇಷ್ಟ್ರು ಬೀಡಿ ಹಚ್ಚಿದರು.

ಆ ಟಿವಿಗೆ ಅಷ್ಟು ವೋಲ್ಟೇಜ್ ಎಲ್ಲಿಂದ ಬಂತು ಅಂದ್ರೆ, ಹಿಂದಿನ ವಾರದ ಗಾಳಿ ಮಳೆಗೆ ತೆಂಗಿನ ಗರಿಯೊಂದು ಲೈನಿನ ಮೇಲೆ ಬಿದ್ದು ನ್ಯೂಟ್ರಲ್ ತಂತಿ ಕಿತ್ತಿತ್ತು. ನಮ್ಮ ಮನೆಗಳಿಗೆ ಬರೋದು ಒಂದು ಫೇಸ್ ಮತ್ತು ನ್ಯೂಟ್ರಲ್, ಅವುಗಳ ನಡುವೆ 230. ಎರಡು ಫೇಸ್‌ಗಳ ನಡುವೆ ಇರೋದು 400. ನ್ಯೂಟ್ರಲ್ ಕಿತ್ತರೆ ಬೇರೆ ಬೇರೆ ಫೇಸ್‌ನ ಮನೆಗಳು ತಮಗೆ ತಿಳಿಯದೇ ಒಂದರ ಬೆನ್ನಿಗೊಂದು ಜೋಡಿಸಿಕೊಂಡು ಆ 400ನ್ನು ಹಂಚಿಕೊಳ್ಳತ್ತವೆ, ಸಮಪಾಲಲ್ಲ. ಹೆಚ್ಚು ಲೋಡ್ ಇರೋ ಕಡೆ ದೀಪ ಮಂಕಾಗತ್ತೆ, ಕಮ್ಮಿ ಲೋಡ್ ಇರೋ ಮನೇಲಿ 300 ದಾಟಬಹುದು. ಬರೀ ಟಿವಿ, ಒಂದು ದೀಪ ಹಾಕಿಕೊಂಡು ಕೂತ ಮನೆಗೇ ಹೊಡೆತ.

ಸ್ಟೆಬಿಲೈಜರ್ ಬೇಕಾ ಅಂತ ಬಹಳ ಜನ ಕೇಳ್ತಾರೆ. ವೋಲ್ಟೇಜ್ ಕಮ್ಮಿ ಆಗೋ ತೊಂದರೆಗೆ ಬೇಡ. ಟಿವಿ ಹಿಂದಿನ ಚೀಟಿಯಲ್ಲಿ 100-240 ಅಂತ ಇದ್ದರೆ ಅದು ಕಮ್ಮಿ ವೋಲ್ಟೇಜನ್ನು ತಾನೇ ಸಂಭಾಳಿಸಿಕೊಳ್ಳತ್ತೆ. ಹೆಚ್ಚಾಗೋದಕ್ಕೆ ಬೇಕು, ಅದೂ ಹೈ ವೋಲ್ಟೇಜ್ ಬಂದರೆ ಸಂಪರ್ಕ ಕಡಿಯುವಂಥದ್ದು. ಸಿಡಿಲಿಗೆ ಮಾತ್ರ ಯಾವುದೂ ಭರವಸೆಯಲ್ಲ. ಏಪ್ರಿಲ್-ಮೇ ಸಂಜೆ ಮೋಡ ಕಪ್ಪಾದರೆ ಸ್ವಿಚ್ ಆರಿಸೋದಲ್ಲ, ಪ್ಲಗ್ಗನ್ನೇ ತೆಗೀಬೇಕು. ಜೊತೆಗೆ ಡಿಶ್ ಅಥವಾ ಕೇಬಲ್ ವೈರನ್ನೂ ಬಿಚ್ಚಬೇಕು. ಆ ದಾರಿಯಲ್ಲಿ ಬಂದ ಹೊಡೆತ ಪವರ್ ಬೋರ್ಡನ್ನು ಬಿಟ್ಟು ನೇರ ಮೇನ್ ಬೋರ್ಡಿಗೇ ಹೋಗತ್ತೆ.

ಇನ್ನು ನ್ಯೂಟ್ರಲ್ ಕಿತ್ತಿರೋದಕ್ಕೆ ಗುರುತು ಇದೆ. ಇದ್ದಕ್ಕಿದ್ದ ಹಾಗೆ ಬಲ್ಬ್ ಕಣ್ಣು ಕೋರೈಸತ್ತೆ, ಫ್ಯಾನ್ ಹುಚ್ಚಾಪಟ್ಟೆ ತಿರುಗತ್ತೆ, ಅದೇ ಹೊತ್ತಿಗೆ ಎದುರು ಮನೆಯ ದೀಪ ಮಂಕಾಗತ್ತೆ. ಮೂರು ಫೇಸ್ ಇರೋ ಮನೆಯಾದರೆ ಒಂದು ರೂಮು ಝಗಮಗ, ಇನ್ನೊಂದು ರೂಮು ಮಂಕು. ಊರಲ್ಲಿರೋ ಅಪ್ಪ ಅಮ್ಮನಿಗೆ ಇಷ್ಟು ಹೇಳಿಡಿ: ಆಗ ಟಿವಿ ಹತ್ತಿರ ಓಡಬಾರದು, ನೇರ ಮೀಟರ್ ಬೋರ್ಡಿಗೆ ಹೋಗಿ ಮೇನ್ ಇಳಿಸಬೇಕು. ಲೈನ್‌ಮನ್‌ಗೆ ಫೋನ್ ಮಾಡೋದು ಆಮೇಲೆ.